ಎರಡು ಚರಿತ್ರೆಗಳ ನಡುವೆ ಬಿಟ್ಟುಹೋದ ನೆಲ



ಮೊಜಾಂಬಿಕಿನ ವಿಮೋಚನೆಗೆಂದು ಫ್ರೆಲಿಮೊ ಸಂಘಟನೆ ಹುಟ್ಟಿದ್ದು 1962ರಲ್ಲಿ, ಪರದೇಶದ ದಾರ್-ಎಸ್-ಸಲಾಮ್ ಪಟ್ಟಣದಲ್ಲಿ. ಎರಡು ವರ್ಷದ ಮೇಲೆ ಅದರ ಹುಡುಗರು ತಾಂಜೇನಿಯಾದ ಗಡಿ ದಾಟಿ ಪೋರ್ಚುಗೀಸರ ಮೇಲೆ ಬಂದೂಕು ಎತ್ತಿದರು. ಈ ಆಫ್ರಿಕಾದ ಮಾತು ಇಲ್ಲೇಕೆ ಅಂದಿರಾ? ಗಡಿಯಾಚೆ ಶಿಬಿರ ಹೂಡಿ ಒಳಗಿನ ದೊರೆತನವನ್ನು ಅಲುಗಿಸುವ ಕೆಲಸ ನಮ್ಮ ಹೈದರಾಬಾದ್ ಸಂಸ್ಥಾನದ ಸೀಮೆಯಲ್ಲಿ ಅದಕ್ಕೂ ಮೊದಲೇ ನಡೆದಿತ್ತು.

1947ರ ಆಗಸ್ಟ್ 15 ನಮಗೆ ಸ್ವಾತಂತ್ರ್ಯ ತರಲಿಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಭಾರತಕ್ಕೆ ಸೇರಲು ಒಪ್ಪಲಿಲ್ಲ. ನಿಜಾಮರ ಪರ ನಿಂತ ಕಾಸಿಂ ರಜ್ವಿಯ ಖಾಸಗಿ ಪಡೆ, ರಜಾಕಾರರು, ಹಳ್ಳಿಗಳ ಮೇಲೆ ಬಿದ್ದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕ, ಸಿಂದಗಿಯಲ್ಲಿ ಹುಟ್ಟಿದ ಸನ್ಯಾಸಿ ಸ್ವಾಮಿ ರಮಾನಂದ ತೀರ್ಥರು ಸೆರೆಮನೆ ಸೇರಿದರು. ಸತ್ಯಾಗ್ರಹ ಸಾಲದೆನಿಸಿದಾಗ ಮುಂಬಯಿ ಪ್ರಾಂತದ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರ ನಡೆಸಿದರು. ಅಲ್ಲಿಂದ ಹೊರಟವರು ನಿಜಾಮರ ನಾಕಾ, ಠಾಣೆಗಳ ಮೇಲೆ ದಾಳಿಯಿಟ್ಟರು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು. 17ಕ್ಕೆ ನಿಜಾಮರು ಸೋಲೊಪ್ಪಿದರು.

ಇಷ್ಟು ಎಲ್ಲರಿಗೂ ಗೊತ್ತು. ನನ್ನ ತಕರಾರು ಇರುವುದು ಆಮೇಲಿನದರ ಬಗ್ಗೆ.

1956ರವರೆಗೆ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು. ಆ ವರ್ಷದ ನವೆಂಬರ್ 1ರ ಭಾಷಾವಾರು ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ. ಮಹಬೂಬನಗರ ಜಿಲ್ಲೆಯ ಭಾಗವಾಗಿದ್ದ ನಾರಾಯಣಪೇಟೆ, ಮಕ್ತಲ್ ಕೂಡ ಅತ್ತಲೇ ಉಳಿದವು. ನೆಲದ ಜೊತೆ ನೆನಪನ್ನೂ ಪಾಲು ಮಾಡಿದೆವು. ಕನ್ನಡದ ಚರಿತ್ರೆಕಾರರು ಮುಂಡರಗಿಯಿಂದ ಹೊರಟು ರಾಯಚೂರಿಗೆ ಬಂದು ನಿಲ್ಲುತ್ತಾರೆ. ತೆಲುಗಿನವರು ನಲ್ಲಗೊಂಡ, ವರಂಗಲ್ಲುಗಳ ರೈತರ ಸಶಸ್ತ್ರ ಹೋರಾಟದಲ್ಲೇ ಮುಳುಗುತ್ತಾರೆ. ಅದು ದೊಡ್ಡ ಹೋರಾಟವೇ, ಇಲ್ಲವೆನ್ನಲಾರೆ. ಆದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಆಡುತ್ತಿದ್ದ ಈ ಕೃಷ್ಣಾ ತೀರದವರು ಯಾರ ಪುಸ್ತಕಕ್ಕೂ ಬೇಕಾಗಲಿಲ್ಲ.

ಇನ್ನೊಂದು ಮಾತು, ಹೇಳಲು ಕಷ್ಟದ್ದು. ರಜಾಕಾರರ ಕ್ರೌರ್ಯವನ್ನು ನಾವು ವಿವರವಾಗಿ ಬರೆದಿದ್ದೇವೆ. ಸೆಪ್ಟೆಂಬರ್ 17ರ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಬರೆದಿಲ್ಲ. ಅದರ ವಿಚಾರಣೆಗೆ ಭಾರತ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರನ್ನು 27,000ದಿಂದ 40,000ವರೆಗೆ ಅಂದಾಜು ಮಾಡಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡೂ ಸೇರಿದ್ದವು. ವರದಿ ದಶಕಗಳ ಕಾಲ ಕಪಾಟಿನಲ್ಲೇ ಇತ್ತು. ವಿಮೋಚನೆಯ ಚರಿತ್ರೆ ಈ ಪುಟವನ್ನು ಹಾರಿಸಿದರೆ ಅದು ಚರಿತ್ರೆಯಲ್ಲ, ಉತ್ಸವದ ಕರಪತ್ರ.

ತರುಣ ಸಂಶೋಧಕರಲ್ಲಿ ನನ್ನ ಬೇಡಿಕೆ ಇಷ್ಟೆ: ಗದ್ವಾಲದ ಕಡತವನ್ನು ರಾಯಚೂರಿನ ಹೆಸರಿನಲ್ಲೂ ಹುಡುಕಿ. ಉರ್ದು ಓದಲು ಕಲಿಯಿರಿ, ಅದಿಲ್ಲದೆ ನಿಜಾಮರ ದಫ್ತರ ನಿಮಗೆ ತೆರೆಯದು. ಆ ಕಾಲ ಕಂಡ ಹಿರಿಯರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಹಿಂದೂಗಳ ಮನೆಗೂ ಮುಸ್ಲಿಮರ ಮನೆಗೂ ಹೋಗಿ, ಅವರ ಮಾತನ್ನು ಈ ವರ್ಷವೇ ದಾಖಲಿಸಿಕೊಳ್ಳಿ.