ಬೇರು ಕೊಳೆಸುವ ಬೂಷ್ಟುಗಳ ಕುಲಗೋತ್ರ

(ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಕೆಲವರ ಸಂಬಳದ ಒಂದು ಪಾಲು ಊರಿನ ತೋಟಕ್ಕೆ ಹೋಗುತ್ತದೆ. ಅದು ಔಷಧಿಯ ರೂಪದಲ್ಲಿ ಮಣ್ಣುಪಾಲಾಗುವುದೂ ಉಂಟು. ರೋಗದ ಕುಲವನ್ನು ವಿಚಾರಿಸದೆ ಮದ್ದು ಹಾಕುವುದು ಇದಕ್ಕೆ ಒಂದು ಕಾರಣ.

ಮಲೆನಾಡಿನಲ್ಲಿ ಅಡಕೆ ಮರಕ್ಕೆ ಕರಿಮೆಣಸಿನ ಬಳ್ಳಿಯನ್ನು ಹಬ್ಬಿಸುತ್ತಾರಷ್ಟೆ. ಮರದ ಬೇರನ್ನು ಕೊಳೆಸುವುದು ಅಣಬೆ ರೋಗ; ಅದನ್ನು ತರುವುದು ಗ್ಯಾನೊಡರ್ಮ. ಬಳ್ಳಿಯ ಬೇರನ್ನು ಕೊಳೆಸುವುದು ಶೀಘ್ರ ಸೊರಗು ರೋಗ. ಅದನ್ನು ತರುವುದು ಫೈಟೊಫ್ತೊರ. ಎರಡೂ ನೂಲಿನಂಥ ಎಳೆಗಳಾಗಿ ಬೆಳೆಯುತ್ತವೆ. ಆದ್ದರಿಂದ ಪಂಡಿತರು ಬಹುಕಾಲ ಎರಡನ್ನೂ ಶಿಲೀಂಧ್ರಗಳೆಂದೇ ಕರೆದರು.

1753ರಲ್ಲಿ ಲಿನೇಯಸ್ ಶಿಲೀಂಧ್ರಗಳನ್ನು ಸಸ್ಯಗಳ ಸಾಲಿನಲ್ಲೇ ಇಟ್ಟಿದ್ದನು. 1969ರಲ್ಲಿ ವಿಟೇಕರ್ ಅವಕ್ಕೆ ಪ್ರತ್ಯೇಕ ಸಾಮ್ರಾಜ್ಯವನ್ನೇ ಕೊಟ್ಟರು. ಆಗಲೂ ಫೈಟೊಫ್ತೊರದ ಬಂಧುಗಳು ಅದರೊಳಗೇ ಉಳಿದವು. ಜೀವಕೋಶದ ಗೋಡೆಯನ್ನು ಪರೀಕ್ಷಿಸಿ, ಮುಂದೆ ಜೀನುಗಳನ್ನೂ ಹೋಲಿಸಿ ನೋಡಿದ ಮೇಲೆ ನಿಜವಾದ ವಂಶಾವಳಿ ತಿಳಿಯಿತು. ಗ್ಯಾನೊಡರ್ಮದ ಗೋಡೆಯಲ್ಲಿರುವುದು ಕೈಟಿನ್. ಏಡಿಯ ಚಿಪ್ಪಿನಲ್ಲಿರುವುದೂ ಅದೇ. ನಿಜವಾದ ಶಿಲೀಂಧ್ರಗಳು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರು. ಫೈಟೊಫ್ತೊರದ ಗೋಡೆಯಲ್ಲಿ ಸೆಲ್ಯುಲೋಸ್ ಇದೆ; ಅದರ ನೆಂಟಸ್ತಿಕೆ ಸಮುದ್ರದ ಕಂದು ಪಾಚಿಗಳೊಡನೆ. ಅದರ ಬೀಜಾಣುಗಳು ಎರಡು ಬಾಲ ಬೀಸಿ, ನೀರಿನಲ್ಲಿ ಈಜಿ ಬೇರನ್ನು ಸೇರುತ್ತವೆ. ಮಳೆಗಾಲದಲ್ಲಿ ಈ ರೋಗ ಬೇಗ ಹರಡುವ ಗುಟ್ಟು ಇದೇ.

ವಿಕಾಸದ ಹಾದಿಯಲ್ಲಿ ದೂರದ ಎರಡು ಕುಲಗಳು ಒಂದೇ ಬಗೆಯ ಬದುಕಿಗೆ ಇಳಿದು ಒಂದೇ ರೂಪ ತಾಳಿದವು. ಬಾವಲಿಗೂ ಹಕ್ಕಿಗೂ ರೆಕ್ಕೆಯಿದೆ. ಆದರೂ ಬಾವಲಿ ಮರಿಗೆ ಹಾಲೂಡಿಸುತ್ತದೆ.

ಕುಲ ಬೇರೆಯಾದ ಮೇಲೆ ಮದ್ದೂ ಬೇರೆ. ಕಾರ್ಬೆಂಡಜಿಮ್ ಅನೇಕ ನಿಜವಾದ ಶಿಲೀಂಧ್ರಗಳನ್ನು ತಡೆಯುತ್ತದೆ, ಫೈಟೊಫ್ತೊರಕ್ಕೆ ನಾಟುವುದಿಲ್ಲ. ಮೆಟಲಾಕ್ಸಿಲ್ ಫೈಟೊಫ್ತೊರವನ್ನು ತಡೆಯುತ್ತದೆ. ಅಣಬೆ ರೋಗಕ್ಕೆ ಅದರಿಂದ ಪ್ರಯೋಜನವಿಲ್ಲ. ಬಳ್ಳಿಯನ್ನು ಉಳಿಸಲು ಮೊದಲು ಬಸಿಗಾಲುವೆ ತೆಗೆದು, ನಿಂತ ನೀರನ್ನು ಹರಿಯಬಿಡಬೇಕು. ಅಣಬೆ ರೋಗದಿಂದ ಸತ್ತ ಮರವನ್ನಾದರೋ ಬೇರುಸಹಿತ ಕಿತ್ತು ಸುಟ್ಟು, ಸುತ್ತ ಕಂದಕ ತೋಡಿ ನೆರೆಯ ಮರಗಳನ್ನು ಕಾಪಾಡಬೇಕು.

ಆದುದರಿಂದ "ಬೇರು ಕೊಳೆತಿದೆ, ಔಷಧಿಗೆ ಹಣ ಕಳಿಸು" ಎಂದು ಊರಿನಿಂದ ಸುದ್ದಿ ಬಂದಾಗ ನಾವು ಮೂರು ಮಾತು ಕೇಳೋಣ. ಕೊಳೆತದ್ದು ಮರದ ಬೇರೋ, ಬಳ್ಳಿಯ ಬೇರೋ? ಮರದ ಬುಡದಲ್ಲಿ ಅಣಬೆ ಎದ್ದಿದೆಯೇ? ಕೊಳೆತ ಬೇರನ್ನು ತೋಟಗಾರಿಕೆ ಇಲಾಖೆಯವರಿಗೆ ತೋರಿಸಿದ್ದೀರಾ? ಉತ್ತರ ತಿಳಿದು ಕಳಿಸಿದ ಹಣ ತೋಟಕ್ಕೆ ದಕ್ಕೀತು.