ಒಂದೇ ಹೆಸರಿನ ಎರಡು ಮೋಟರು



ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಎಂಬವರು 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ವಿದ್ಯುತ್ ಕಾರಿನ ಆಟವನ್ನು ಹೊರತಂದರು. ಕಾರು ಅಂಗೈಯಷ್ಟು. ಹಾದಿಯಲ್ಲೊಂದು ಸೀಳು, ಕಾರಿನ ಮೂಗಿನಡಿಯ ಕಡ್ಡಿ ಅದರಲ್ಲಿ ಕೂತು ದಾರಿ ಹಿಡಿಯುತ್ತದೆ. ಸೀಳಿನ ಎರಡು ಬದಿಯ ಲೋಹದ ಪಟ್ಟಿಗಳಿಂದ ಮೋಟರಿಗೆ ವಿದ್ಯುತ್ತು ಬರುತ್ತದೆ. ಆಡುವವನ ಕೈಯಲ್ಲಿರುವುದು ಒಂದು ಗುಂಡಿ, ಅಷ್ಟೆ. ಒತ್ತಿದಷ್ಟು ವೇಗ, ತಿರುವಿನಲ್ಲಿ ಅತಿಯಾದರೆ ಕಾರು ಹಾರಿ ಹೊರಗೆ ಬೀಳುತ್ತದೆ. ಮಕ್ಕಳಾಟವೆಂದು ನಗಬೇಡಿ, ಆ ದೇಶಗಳಲ್ಲಿ ದೊಡ್ಡವರೇ ಕ್ಲಬ್ಬು ಕಟ್ಟಿಕೊಂಡು ಪಂದ್ಯ ನಡೆಸುತ್ತಾರೆ.

ಜಗಳ ಹುಟ್ಟುವುದು ಮೋಟರಿನಿಂದ. 12 ವೋಲ್ಟಿಗೆ ನಿಮಿಷಕ್ಕೆ 18,000 ಸುತ್ತು ಎಂದು ಎರಡರ ಮೇಲೂ ಒಂದೇ ಅಂಕಿ ಇರಬಹುದು. ಆದರೂ ಅವು ಸರಿಸಮ ಓಡುವುದಿಲ್ಲ. ಒಂದೇ ಕಂಪನಿಯ ಎರಡು ಪಂಪುಸೆಟ್ಟು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಣವಿದ್ದವನು ಹತ್ತು ಮೋಟರು ಕೊಂಡು ಚುರುಕಾದುದನ್ನು ಆರಿಸಿಕೊಳ್ಳುತ್ತಾನೆ. ಒಂದನ್ನೇ ಕೊಂಡ ಹುಡುಗ ಕೈ ಪಳಗಿದ್ದರೂ ಸೋಲುತ್ತಾನೆ.

ಸುತ್ತು ಎಣಿಸಿ ಸಮನಾದುವನ್ನು ಆರಿಸಿದರೆ ಆಯಿತಲ್ಲ ಎನ್ನಬಹುದು. ಆಗದು. ಅಯಸ್ಕಾಂತದ ಬಲ ತಗ್ಗಿದ ಮೋಟರು, ಭಾರವಿಲ್ಲದೆ ಬರಿದೇ ತಿರುಗುವಾಗ, ಹೆಚ್ಚು ಸುತ್ತನ್ನೇ ತೋರಿಸುತ್ತದೆ! ಎಳೆಯುವ ಕಸುವು ಮಾತ್ರ ಕಡಿಮೆ. ಉದ್ದನೆಯ ನೇರ ಹಾದಿಯಲ್ಲಿ ಅದು ಮುಂದೆ ಹೋದೀತು, ತಿರುವು ಹೆಚ್ಚಿದ್ದಲ್ಲಿ ಹಿಂದೆ ಬಿದ್ದೀತು. ಗುಂಡಿ ಬಿಟ್ಟಾಗ ವೇಗ ತಗ್ಗಿಸುವುದೂ ಮೋಟರೇ. ಅದು ಆಗ ಡೈನಮೋದಂತೆ ವರ್ತಿಸಿ ಚಕ್ರವನ್ನು ತಡೆಯುತ್ತದೆ. ಕಾಂತ ದುರ್ಬಲವಾದರೆ ಆ ತಡೆಯೂ ಸಡಿಲ. ಆದ್ದರಿಂದ ಎಲ್ಲ ಮೋಟರುಗಳನ್ನೂ ಸರದಿಯಂತೆ ಒಂದೇ ಕಾರಿಗೆ ಕೂರಿಸಿ, ಒಬ್ಬನೇ ಓಡಿಸಿ, ಬಿಸಿಯೇರಿದ ಮೇಲೆ ಹಾದಿ ಸುತ್ತಿಬರಲು ಹಿಡಿಯುವ ಸಮಯವನ್ನು ಗುರುತು ಹಾಕಿಕೊಳ್ಳುವುದು ಮೇಲು.

ಚುರುಕು ಕಾರಿನ ಕಾಲು ಕಟ್ಟುವವರೂ ಇದ್ದಾರೆ. ಡಯೋಡು ಸೇರಿಸಿದರೆ ಸುಮಾರು 0.7 ವೋಲ್ಟು ಇಳಿಯುತ್ತದೆ. ಆದರೆ ಒಂಟಿ ಡಯೋಡು ಒಂದೇ ದಿಕ್ಕಿಗೆ ವಿದ್ಯುತ್ತು ಬಿಡುವುದರಿಂದ ಬ್ರೇಕೂ ಹೋಗುತ್ತದೆ. ಸೀಸದ ತುಂಡು ಅಂಟಿಸಿದರೆ, ಆ ಭಾರವೇ ಚಕ್ರಕ್ಕೆ ಹಿಡಿತ ಕೊಟ್ಟು ಶಿಕ್ಷೆ ವರವಾಗುವುದೂ ಉಂಟು. ನನಗೆ ಈ ದಾರಿ ಹಿಡಿಸದು.

ಕಾರುಗಳು ಕ್ಲಬ್ಬಿನವೇ ಆದರೆ ಉಪಾಯ ಸುಲಭ. ನಾಲ್ಕು ಹಾದಿಗೆ ನಾಲ್ಕು ಕಾರು; ಕಾರು ತನ್ನ ಹಾದಿ ಬಿಡದು, ಆಡುವವರು ಸ್ಥಳ ಬದಲಿಸುತ್ತಾರೆ. ನಾಲ್ವರೂ ನಾಲ್ಕನ್ನೂ ಸಮನಾದ ಹೊತ್ತು ಓಡಿಸಿದ ಮೇಲೆ ಒಟ್ಟು ಸುತ್ತು ಕೂಡಿಸುವುದು. ಮಂದ ಮೋಟರು ಎಲ್ಲರಿಗೂ ಒಂದು ಸರದಿ ಬರುತ್ತದೆ. ಹೊರಹಾದಿಯ ತಿರುವು ಉದ್ದ ಎಂಬ ತಕರಾರೂ ಅದರೊಂದಿಗೇ ತೀರುತ್ತದೆ.

ತಮ್ಮ ತಮ್ಮ ಕಾರು ತರುವ ಪಂದ್ಯದಲ್ಲಿ ಇದು ನಡೆಯದು. ಅಲ್ಲಿ ಕ್ಲಬ್ಬು ಮೊಹರು ಮಾಡಿದ ಮೋಟರುಗಳನ್ನು ಡಬ್ಬಿಯಲ್ಲಿಟ್ಟು ಚೀಟಿ ಎತ್ತಿಸಬೇಕು. ಪಂದ್ಯ ಮುಗಿದೊಡನೆ ಮೊಹರು ಪರೀಕ್ಷಿಸಿ ಹಿಂದಕ್ಕೆ ಪಡೆಯಬೇಕು.