ಮುಟ್ಟು ನಿಂತರೆ ಆ ರಕ್ತ ಎಲ್ಲಿ ಹೋಯಿತು?
(ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಯಾವ ಕಡೆಯ ಹಳ್ಳಿಯೇ ಆಗಲಿ, ಮಕ್ಕಳ ನಡುವೆ ಅಂತರವಿರಲೆಂದು ಕೊಡುವ ‘ಅಂತರಾ’ ಸೂಜಿಮದ್ದಿನ ಮಾತೆತ್ತಿದರೆ ಹಿರಿಯರು ಕೇಳುವುದು ಒಂದೇ ಪ್ರಶ್ನೆ: “ಸೂಜಿ ಹಾಕಿಸಿಕೊಂಡ ಸೊಸೆಗೆ ಮುಟ್ಟೇ ನಿಂತಿದೆಯಲ್ಲ, ಆ ಕೆಟ್ಟ ರಕ್ತವೆಲ್ಲ ಹೊಟ್ಟೆಯಲ್ಲೇ ಗಡ್ಡೆ ಕಟ್ಟುವುದಿಲ್ಲವೆ?” ಈ ಹೆದರಿಕೆಯಿಂದ ಸೂಜಿ ನಿಲ್ಲಿಸಿ, ಬೇಡದ ಹೊತ್ತಿನಲ್ಲಿ ಮತ್ತೆ ಬಸುರಾಗಿ ಸೊರಗಿದವರುಂಟು. ಆದುದರಿಂದ ಈ ದಿನ ಅದನ್ನೇ ಬಿಡಿಸಿ ಹೇಳುತ್ತೇನೆ.

ನಮ್ಮ ಮೈಯಲ್ಲಿ ಕೆಲವು ಗ್ರಂಥಿಗಳುಂಟು. ಅವು ಒಸರಿಸುವ ರಸ ನೇರವಾಗಿ ರಕ್ತಕ್ಕೆ ಸೇರಿ ದೂರದ ಅಂಗಕ್ಕೆ ಸುದ್ದಿ ಮುಟ್ಟಿಸುತ್ತದೆ. ಅದಕ್ಕೆ ಹಾರ್ಮೋನು ಎಂದು ಹೆಸರು. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದನ್ನು ಊರಿನ ನೀರಗಂಟಿ ಎಂದುಕೊಳ್ಳಿ. ಅವನ ಅಪ್ಪಣೆ ಅಂಡಾಶಯಕ್ಕೆ ಮುಟ್ಟಿದಾಗ ಅಲ್ಲಿ ಒಂದು ಅಂಡ ಬಲಿಯತೊಡಗುತ್ತದೆ, ಈಸ್ಟ್ರೋಜನ್ ಎಂಬ ಹಾರ್ಮೋನು ಹೊರಡುತ್ತದೆ. ಬಿತ್ತನೆಗೆ ಮುಂಚೆ ಹೊಲ ಹದ ಮಾಡಿದಂತೆ, ಇದು ಗರ್ಭಕೋಶದ ಒಳಗೆ ಮೆತ್ತನೆಯ ಪದರವನ್ನು ಬೆಳೆಸುತ್ತದೆ. ನೀರಗಂಟಿ ಮತ್ತೊಮ್ಮೆ ಗಟ್ಟಿಯಾಗಿ ಕೂಗಿದಾಗ ಅಂಡ ಹೊರಬೀಳುತ್ತದೆ. ಅದು ಬಿಟ್ಟ ಜಾಗದಿಂದ ಪ್ರೊಜೆಸ್ಟರಾನ್ ಹೊರಟು ಪದರವನ್ನು ಕಾಯುತ್ತದೆ.

ಬಸುರು ನಿಂತರೆ ಭ್ರೂಣದ ಕಡೆಯಿಂದಲೇ ಇನ್ನೊಂದು ಹಾರ್ಮೋನು ಬಂದು ಪದರವನ್ನು ಉಳಿಸುತ್ತದೆ. ಆಶಾ ಕಾರ್ಯಕರ್ತೆ ಕೊಡುವ ಪಟ್ಟಿಯ ಮೇಲೆ ಮೂತ್ರದ ಹನಿ ಹಾಕಿ ಹುಡುಕುವುದು ಇದನ್ನೇ. ಬಸುರು ನಿಲ್ಲದಿದ್ದರೆ ಸುಮಾರು 14 ದಿನಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎರಡೂ ಇಳಿದು, ಪದರ ಕಳಚಿ ರಕ್ತದೊಡನೆ ಹೊರಬರುತ್ತದೆ. ಅದೇ ಮುಟ್ಟು. ಅದು ಕೆಟ್ಟ ರಕ್ತವಲ್ಲ, ಮೈಯಲ್ಲಿ ಓಡಾಡುವ ರಕ್ತವೇ. ಒಂದು ಮುಟ್ಟಿಗೆ ಸಾಮಾನ್ಯವಾಗಿ ಹೋಗುವುದು 30–40 ಮಿಲಿಲೀಟರ್ ಮಾತ್ರ.

ಇನ್ನು ಸೂಜಿಯ ವಿಚಾರ. ಅದರಲ್ಲಿರುವುದು ಪ್ರೊಜೆಸ್ಟರಾನಿನ ಜಾತಿಗೇ ಸೇರಿದ ಮದ್ದು. ಅದು ಮೂರು ತಿಂಗಳು ರಕ್ತಕ್ಕೆ ಸಣ್ಣಗೆ ಸೇರುತ್ತ ನೀರಗಂಟಿಯನ್ನು ಸುಮ್ಮನಿರಿಸುತ್ತದೆ. ಅಂಡ ಹೊರಬೀಳದು, ಪದರವೂ ದಪ್ಪವಾಗದು. ಹೊನ್ನಾಳಿಯ ಗದ್ದೆಗೆ ಕಾಲುವೆಯ ನೀರನ್ನೇ ಬಿಡದಿದ್ದರೆ ಬಸಿದು ಹೋಗಲು ನೀರೆಲ್ಲಿಂದ ಬರಬೇಕು? ಜಗಳೂರಿನವರು ಕೆರೆಯ ತೂಬನ್ನು ನೆನೆದುಕೊಳ್ಳಿ. ಬೆಳೆಯದ ಪದರ ಕಳಚುವುದೂ ಇಲ್ಲ. ಒಳಗೆ ತಡೆದು ನಿಂತ ರಕ್ತ ಒಂದು ತೊಟ್ಟೂ ಇಲ್ಲ.

ಮೊದಲ ತಿಂಗಳುಗಳಲ್ಲಿ ಹೊತ್ತುಗೊತ್ತಿಲ್ಲದೆ ತುಸುತುಸು ರಕ್ತ ಕಾಣಿಸಬಹುದು. ಅದು ತಾಪತ್ರಯವೇ ಸರಿ, ಇಲ್ಲವೆಂದು ಹೇಳಲಾರೆ. ವರ್ಷ ತುಂಬುವ ಹೊತ್ತಿಗೆ ಅನೇಕರಿಗೆ ಮುಟ್ಟು ನಿಲ್ಲುತ್ತದೆ. ಸೂಜಿ ಬಿಟ್ಟ ಮೇಲೆ ನೀರಗಂಟಿ ಎಚ್ಚರಗೊಳ್ಳಲು ಕಾಲ ಬೇಕು. ಕೊನೆಯ ಸೂಜಿಯಿಂದ ಬಸುರಾಗುವವರೆಗೆ ಸರಾಸರಿ 7ರಿಂದ 10 ತಿಂಗಳು ಹಿಡಿಯುತ್ತದೆ. ಅತ್ತೆಯವರೇ, ಅಷ್ಟರಲ್ಲೇ ಸೊಸೆಗೆ ಬಂಜೆಯೆಂಬ ಮಾತು ಆಡಬೇಡಿ. ಬೇಗನೆ ಮಗು ಬೇಕೆನ್ನುವವರು ಬೇರೆ ವಿಧಾನ ಕೇಳಲಿ.

ಅಣ್ಣಂದಿರೇ, ಇದೇ ನೀರಗಂಟಿ ನಿಮ್ಮ ಮೈಯಲ್ಲೂ ಇದ್ದಾನೆ. ಅವೇ ಅಪ್ಪಣೆಗಳಿಂದ ವೃಷಣಗಳಲ್ಲಿ ಟೆಸ್ಟೋಸ್ಟೆರಾನ್ ಮತ್ತು ವೀರ್ಯಾಣು ಉಂಟಾಗುತ್ತವೆ. ಮಗುವಾಗದಿದ್ದರೆ ಪರೀಕ್ಷೆ ಇಬ್ಬರಿಗೂ ಆಗತಕ್ಕದ್ದು.

ಈ ವಿಚಾರ ನಮ್ಮ ನಾಡಿಗೆ ಹೊಸದೂ ಅಲ್ಲ. ಈ ತಾಲ್ಲೂಕುಗಳು ಹಳೆಯ ಮೈಸೂರು ಸಂಸ್ಥಾನದಲ್ಲಿದ್ದಾಗಲೇ, 1930ರಲ್ಲಿ, ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಅಪ್ಪಣೆ ಕೊಟ್ಟಿತು. ಆಗ ಹಾರ್ಮೋನಿನ ಮಾತ್ರೆಯೂ ಇರಲಿಲ್ಲ, ಸೂಜಿಯೂ ಇರಲಿಲ್ಲ. ‘ಅಂತರಾ’ ಸರ್ಕಾರದ ಕಾರ್ಯಕ್ರಮಕ್ಕೆ ಬಂದದ್ದು 2017ರಲ್ಲಿ.

ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಹಣವಿಲ್ಲ. ಹಾಲೂಡಿಸುವ ತಾಯಿ ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ಹಾಕಿಸಿಕೊಳ್ಳಬಹುದು. ಸ್ತನದ ಕ್ಯಾನ್ಸರ್, ಬಹಳ ಹೆಚ್ಚಿನ ರಕ್ತದೊತ್ತಡ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಇದು ಸಲ್ಲದು, ಮೊದಲೇ ವೈದ್ಯರಿಗೆ ತಿಳಿಸಬೇಕು. ಸೂಜಿ ಹಾಕಿದ ಜಾಗವನ್ನು ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ. ಮುಂದಿನ ಸೂಜಿಯ ದಿನವನ್ನು ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಆ ಕಾರ್ಡನ್ನು ಮಗುವಿನ ಲಸಿಕೆಯ ಕಾರ್ಡಿನ ಜೊತೆಯಲ್ಲೇ ಇಡಿ.